ದಾನಮ್ಮನ ಎಡೆಗೆ ಇಡಬೇಕಿದ್ದ ಹಾಡು

ಯಲ್ಲವ್ವನ ಫೋನು ಬಂದಾಗ ಕಿಟ್ಟಿ ಟೀವಿ ಸ್ಟ್ಯಾಂಡಿನ ಮುಂದೆ ಮೊಣಕಾಲೂರಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕೆಳಗಿನ ಖಾನೆಯಲ್ಲಿದ್ದ ಕರಿ ಡಬ್ಬಿಯ ದೀಪಗಳನ್ನು ನೋಡುತ್ತಿದ್ದ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪಂಕಜಾ, "ಮದುವೆಯಾದಾಗಿನಿಂದ ಒಂದು ದೇವರಿಗೂ ಹೀಗೆ ಬಗ್ಗಿದ್ದು ನಾನ್ ನೋಡ್ಲಿಲ್ಲ" ಎಂದಳು. ಕಿಟ್ಟಿ ಬಗ್ಗಿದ ಭಂಗಿಯಲ್ಲೇ ಫೋನು ಎತ್ತಿದ.

"ಸಾರ್, ನಾನ್ರೀ ಯಲ್ಲವ್ವ. ನಮ್ಮಕ್ಕಂದು ವರ್ಷದ ಎಡಿ ಈ ಆಯ್ತಾರ ಇಟ್ಕೊಂಡೀವ್ರಿ. ಆಕಿ ಹಾಡು ಬೇಕಾಗಿತ್ತಲ್ರೀ."

ಕಿಟ್ಟಿಯ ಬಾಯಿಗೆ ತಾನಾಗಿ ಬಂದ ಮಾತು, "ಸರ್ವರ್ ಡೌನ್ ಇದೆ ಯಲ್ಲವ್ವ."

ಆ ಕಡೆಯಿಂದ ನಗು ಕೇಳಿಸಿತು. "ರೇಷನ್ ಅಂಗಡ್ಯಾಗೂ ಹಂಗ ಅಂತಾರ್ರೀ. ಪಿಂಚಣಿ ಕೇಳಾಕ ಹೋದ್ರೂ ಹಂಗ ಅಂತಾರ. ಈಗ ನಿಮ್ಮ ಮನ್ಯಾಗೂ ಡೌನ್ ಆತೇನ್ರಿ?"

"ಇಲ್ಲ ಇಲ್ಲ, ಸ್ವಲ್ಪ ರಿಪೇರಿ ಅಷ್ಟೆ."

"ಆಯ್ತಾರದೊಳಗ ಆಗಬೇಕ್ರೀ ಮತ್ತ. ಆಕಿ ಇಷ್ಟಪಟ್ಟಿದ್ದೆಲ್ಲಾ ಎಡಿಗೆ ಇಡಾಕತ್ತೀವಿ. ಚಾ ಐತಿ, ಎಲಿ ಅಡಿಕಿ ಐತಿ, ತಂಬಾಕ ಐತಿ. ಎಲ್ಲಾದಕಿಂತ ಆಕಿಗೆ ಇಷ್ಟ ಇದ್ದದ್ದು ಆಕಿ ಹಾಡು. ಟೀವ್ಯಾಗ ಹಚ್ಚಿ ಎಡಿ ಮುಂದ ಕೇಳಸೂಣು ಅಂತ ಆಕಿ ಮಗಳು ಮಧುಮತಿ ಹೇಳ್ಯಾಳ. ಅವ್ವನ ಧ್ವನಿ ಕೇಳಿ ವರ್ಷ ಆತಲ್ರೀ ಆ ಹುಡಿಗಿಗೆ. ನಿಮ್ಮಲ್ಲಿ ಬಿಟ್ರ ಎಲ್ಲೂ ಇಲ್ಲ ಆ ಹಾಡು."

"ಭಾನುವಾರದೊಳಗೆ ಮಾಡ್ತೀನಿ" ಎಂದು ಕಿಟ್ಟಿ ಫೋನಿಟ್ಟ.

ಸರ್ವರ್ ಡೌನ್ ಆಗಿರಲಿಲ್ಲ. ಸರ್ವರ್ ಗುಂಡುಕಲ್ಲಿನ ಹಾಗೆ ಚೆನ್ನಾಗಿತ್ತು. ಹಾಡು ಇರಲಿಲ್ಲ. ಹಾಡನ್ನು ಅಳಿಸಿದ್ದು ಕಿಟ್ಟಿ. ಅದೂ ಎರಡೆರಡು ಸಲ, ನಿಜವಾಗಿ ಅಳಿಸಬೇಕೇ ಎಂದು ಡಬ್ಬಿ ಕೇಳಿದಾಗ ಹೌದು ಹೌದು ಎಂದು ಒತ್ತಿ. ಹಿಂದೊಮ್ಮೆ ಬನಶಂಕರಿಯ ಒಂದು ಕಚೇರಿಯ ಮುಂದೆ ನಿಂತು ಇದೇ ಬಾಯಿ "ಸರ್ವರ್ ಡೌನು, ಸರ್ಕಾರ ಡೌನು" ಎಂದು ಕೂಗಿತ್ತು. ಒಳಗೆ ಕೂತ ಗುಮಾಸ್ತನನ್ನು ಅವತ್ತು ಮನಸಾರೆ ಬೈದಿದ್ದ. ಈಗ ಆ ಗುಮಾಸ್ತನ ಕುರ್ಚಿಯಲ್ಲಿ ತಾನೇ ಕೂತಂತಾಗಿ ಕಿಟ್ಟಿಯ ಕಿವಿ ಬಿಸಿಯಾಯಿತು.

ಕಿಟ್ಟಿ ಎಂದರೆ ಕೃಷ್ಣಮೂರ್ತಿ. ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಅಪ್ಪ ಕಟ್ಟಿಸಿದ ಮನೆ, ಮೇಲೊಂದು ಬಾಡಿಗೆ ಮನೆ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದವನು. ಯೂನಿಯನ್ನಿನಲ್ಲಿ ಇದ್ದ, ಆದರೆ ಭಾಷಣ ಬರುತ್ತಿರಲಿಲ್ಲ. ಮೈಕು ಕೈಗೆ ಬಂದರೆ ನಾಲಗೆ ಮರದ ತುಂಡು. ಲಾಠಿ ಎತ್ತಿದರೆ ಎಲ್ಲರಿಗಿಂತ ಮುಂಚೆ ಓಡುವ ಕಾಲು. ಇಂಥವನಿಗೆ ಚಳವಳಿಯಲ್ಲಿ ಯಾವ ಕೆಲಸ ಕೊಡುವುದು? ಹಾಗಾಗಿ ಕ್ಯಾಮೆರಾ ಹಿಡಿದ. ಹಿಡಿದದ್ದೇ ಸರಿ, ಮರ್ಯಾದೆ ಬಂತು. ಧರಣಿ, ಮೆರವಣಿಗೆ, ಬೀದಿ ನಾಟಕ ಎಲ್ಲಿದ್ದರೂ "ಕಿಟ್ಟಿ ಸಾರ್‌ಗೆ ಹೇಳಿದೀರಾ?" ಎಂದು ಕೇಳುವ ಕಾಲ ಬಂತು. ಕಿಟ್ಟಿ ಬಾರದಿದ್ದರೆ ಧರಣಿ ನಡೆದೇ ಇಲ್ಲವೇನೋ ಎನ್ನುವಂತೆ ಜನ ಮಾತಾಡಿದರು. ಅದನ್ನು ಅವನೂ ನಂಬಿದ. ತಾನು ಚಳವಳಿಯ ನೆನಪು ಎಂದುಕೊಂಡ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಡಿಗೆಯಲ್ಲಿ ಅದು ಕಾಣುತ್ತಿತ್ತು.

ಯಲ್ಲವ್ವನ ಅಕ್ಕ ದಾನಮ್ಮ ಸಿಕ್ಕಿದ್ದು ಬಿಟಿಎಂ ಬಡಾವಣೆ ಕಡೆಯ ಒಂದು ದೊಡ್ಡ ಆಫೀಸು ಕಟ್ಟಡದ ಗೇಟಿನಲ್ಲಿ. ಅಲ್ಲಿ ಕಸ ಗುಡಿಸಿ ಕಕ್ಕಸು ತೊಳೆಯುತ್ತಿದ್ದ ಹೆಂಗಸರನ್ನು ಗುತ್ತಿಗೆದಾರ ಒಂದೇ ಬೆಳಗ್ಗೆ ಹೊರಗೆ ಹಾಕಿದ್ದ. ತಾವು ತೊಳೆಯುವ ಕಕ್ಕಸಿಗೆ ತಾವು ಹೋಗಬಾರದು ಎಂಬ ನಿಯಮವನ್ನು ಅವರು ಪ್ರಶ್ನೆ ಮಾಡಿದ್ದರು, ಅದಕ್ಕೆ. ಹೆಚ್ಚಿನವರು ಗದಗ, ಬಾಗಲಕೋಟೆ ಕಡೆಯಿಂದ ಬಂದವರು. ಗೇಟಿನ ಮುಂದೆ ಕೂತರು. ದಾನಮ್ಮ ಬೀಸುಕಲ್ಲಿನ ಪದದ ಧಾಟಿಯಲ್ಲಿ ಹಾಡು ಕಟ್ಟಿದಳು. ನಿನ್ನೆ ಗೇಟಿನಲ್ಲಿ ಏನು ನಡೆಯಿತೋ ಅದು ಇವತ್ತಿನ ನುಡಿ. ಸೂಪರ್‌ವೈಸರ್ ನೀರಿನ ಕ್ಯಾನು ಒದ್ದರೆ ಅದೊಂದು ನುಡಿ, ಪೊಲೀಸಿನವನೊಬ್ಬ ಕದ್ದು ಬಿಸ್ಕತ್ತು ಕೊಟ್ಟರೆ ಅದೂ ಒಂದು ನುಡಿ. ಹಾಡು ದಿನದಿಂದ ದಿನಕ್ಕೆ ಬೆಳೆಯುತ್ತ ಹೋಯಿತು. ಕಿಟ್ಟಿ ದಿನಾ ಬೆಳಗ್ಗೆ ಹೋಗಿ ಚಿತ್ರೀಕರಿಸಿದ. ಹೆಂಗಸರು ಗೆದ್ದರು. ಪೂರ್ತಿ ಅಲ್ಲ, ಕೆಲಸ ವಾಪಸು ಬಂತು, ಕಕ್ಕಸಿನ ಬಾಗಿಲೂ ತೆರೆಯಿತು, ಸಂಬಳ ಮಾತ್ರ ಅಷ್ಟೇ ಉಳಿಯಿತು. ಹೋದ ವರ್ಷ ದಾನಮ್ಮ ಕಾಮಾಲೆಯಿಂದ ಸತ್ತಳು. ಹಾಡು ಕಿಟ್ಟಿಯ ಡಬ್ಬಿಯಲ್ಲಿ ಉಳಿಯಿತು.

ಆ ಡಬ್ಬಿಗೆ ನೆಟ್‌ವರ್ಕ್ ಡ್ರೈವ್ ಎಂದು ಹೆಸರು. ಒಳಗೆ ಎರಡು ಹಾರ್ಡ್ ಡಿಸ್ಕು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನೇ ಬರೆದುಕೊಳ್ಳುತ್ತದೆ. ಒಂದು ಕೆಟ್ಟರೆ ಇನ್ನೊಂದು ಇದೆ ಎಂದು ಅಂಗಡಿಯವನು ಹೇಳಿದ್ದನ್ನು ಕಿಟ್ಟಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಅದರೊಳಗೊಂದು ಮೀಡಿಯಾ ಸರ್ವರ್. ಡಬ್ಬಿಯಲ್ಲಿರುವ ಸಿನಿಮಾ, ವಿಡಿಯೋಗಳನ್ನೆಲ್ಲ ಟೀವಿಯ ಮೇಲೆ ಚಿತ್ರದ ಸಮೇತ ಸಾಲಾಗಿ ಜೋಡಿಸಿ ತೋರಿಸುವುದು ಅದರ ಕೆಲಸ. ಅದರಲ್ಲಿ 'ಹೋರಾಟ' ಎಂಬ ಒಂದು ಫೋಲ್ಡರು. ಇಷ್ಟು ವರ್ಷ ಚಿತ್ರೀಕರಿಸಿದ್ದೆಲ್ಲ ಅದರೊಳಗೆ. ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಅಳಿಸಿ ಮತ್ತೆ ಬಳಸಿದ್ದರಿಂದ ಮೂಲ ಎಂಬುದು ಬೇರೆ ಎಲ್ಲೂ ಇರಲಿಲ್ಲ.

ಕೆಲಸ ಕೆಟ್ಟದ್ದು ಹೀಗೆ. ಕಾರ್ಖಾನೆಯ ಹಳೆಯ ಗೆಳೆಯ, ಇಟ್ಟಮಡುವಿನ ಪಿಳ್ಳಣ್ಣ, ಒಂದು ಹಾರ್ಡ್ ಡಿಸ್ಕಿನ ತುಂಬ ಹಳೆಯ ಸಿನಿಮಾ ತಂದುಕೊಟ್ಟ. ಕಿಟ್ಟಿಗೆ ಆಸೆ ಬಿತ್ತು. ಎಲ್ಲವನ್ನೂ ಡಬ್ಬಿಗೆ ಸುರಿಯಲು ಹೊರಟ. ಅರ್ಧದಲ್ಲಿ ಡಬ್ಬಿಯ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತು. ಟೀವಿಯಲ್ಲಿ ಸಿನಿಮಾಗಳ ಸಾಲು ಮಾಯವಾಗಿ 'ಸರ್ವರ್ ಸಿಗುತ್ತಿಲ್ಲ' ಎಂದು ಬಂತು. ಅದೇ ಸಂಜೆ ಸಿನಿಮಾ ನೋಡಲು ಪಿಳ್ಳಣ್ಣನ ಸಂಸಾರವೇ ಬರುವುದಿತ್ತು. ಪಂಕಜಾ ಬಜ್ಜಿಗೆ ಈರುಳ್ಳಿ ಹೆಚ್ಚುತ್ತಿದ್ದಳು.

ಕಿಟ್ಟಿ ಎಲ್ಲರೂ ಮಾಡುವುದನ್ನೇ ಮಾಡಿದ. ಡಬ್ಬಿ ಆರಿಸಿ ಹಚ್ಚಿದ. ವೈಫೈ ಪೆಟ್ಟಿಗೆ ಆರಿಸಿ ಹಚ್ಚಿದ. ಕೇಬಲ್ಲು ಕಿತ್ತು ಬಾಯಲ್ಲಿ ಊದಿ ಮತ್ತೆ ಸಿಕ್ಕಿಸಿದ. ಆಗಲಿಲ್ಲ. ಕಂಪ್ಯೂಟರಿನಲ್ಲಿ ಡಬ್ಬಿಯ ಪುಟ ತೆರೆದು ನೋಡಿದರೆ ಜಾಗ ತುಂಬಿಹೋಗಿದೆ ಎಂದು ಕೆಂಪಕ್ಷರ. ಉಸಿರಾಡಲು ಜಾಗವಿಲ್ಲದೆ ಸರ್ವರ್ ಬಿದ್ದಿತ್ತು. ಏನನ್ನಾದರೂ ತೆಗೆಯಬೇಕು. ಹುಡುಕುತ್ತ ಹೋದವನಿಗೆ 'ಹೋರಾಟ' ಫೋಲ್ಡರು ಎರಡು ಕಡೆ ಕಂಡಿತು. ಒಂದು ವಿಡಿಯೋ ಎಂಬ ಖಾನೆಯಲ್ಲಿ, ಇನ್ನೊಂದು ಮೀಡಿಯಾ ಸರ್ವರಿನ ಖಾನೆಯಲ್ಲಿ. ಒಳಗೆ ನೋಡಿದ. ಅವೇ ಹೆಸರು, ಅವೇ ಚಿತ್ರ. ಎಂದೋ ತಾನೇ ಎರಡನೇ ಪ್ರತಿ ಮಾಡಿಟ್ಟಿದ್ದೇನೆ ಎಂದುಕೊಂಡು ತನ್ನ ಜಾಣತನಕ್ಕೆ ತಾನೇ ಮೆಚ್ಚಿದ. ಒಂದನ್ನು ಅಳಿಸಿದ. ಆದರೂ ಜಾಗ ಬರಲಿಲ್ಲ. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಕೂತಿದೆ ಎಂದು ಹೊಳೆದು ಬುಟ್ಟಿಯನ್ನೂ ಖಾಲಿ ಮಾಡಿದ. ಬೇಕಾದಷ್ಟು ಜಾಗ ಬಂತು. ಸಿನಿಮಾಗಳನ್ನೆಲ್ಲ ಸುರಿದ. ಸಂಜೆ ಪಿಳ್ಳಣ್ಣ ಕಾಲು ಚಾಚಿ ಕೂತು, "ಏನ್ ಗುರು ನಿನ್ ಡಬ್ಬಿ, ಸಖತ್ತಾಗಿದೆ" ಎಂದು ಬಜ್ಜಿ ತಿಂದ.

ಕೆಲವು ದಿನ ಬಿಟ್ಟು ಯಾವುದೋ ಹಳೆಯ ಮೆರವಣಿಗೆ ಹುಡುಕಲು ಹೋದಾಗ ಉಳಿದ 'ಹೋರಾಟ'ವೂ ಬರಿದಾಗಿತ್ತು.

ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಮಯೂರ್ ಕಂಪನಿಯೊಂದರಲ್ಲಿ ಇಂಥ ಯಂತ್ರಗಳನ್ನೇ ನೋಡಿಕೊಳ್ಳುವವನು. ಯಲ್ಲವ್ವನ ಫೋನು ಬಂದ ಮೇಲೆ ಕಿಟ್ಟಿ ಮರ್ಯಾದೆ ಬಿಟ್ಟು ಅವನನ್ನು ಕರೆದ. ಮಯೂರ್ ಪುಟ ತೆರೆದು, ಅಲ್ಲಿ ಇಲ್ಲಿ ಒತ್ತಿ, ತಲೆ ಕೆರೆದುಕೊಂಡ.

"ಅಂಕಲ್, ಅದು ಎರಡು ಫೋಲ್ಡರ್ ಅಲ್ಲ. ಒಂದೇ ರೂಮಿಗೆ ಎರಡು ಬಾಗಿಲು ಅಷ್ಟೆ. ನೀವು ಈ ಬಾಗಿಲಲ್ಲಿ ಹೋಗಿ ರೂಮ್ ಖಾಲಿ ಮಾಡಿದೀರ, ಆ ಬಾಗಿಲಲ್ಲಿ ನೋಡಿದ್ರೆ ಸಾಮಾನು ಎಲ್ಲಿರತ್ತೆ?"

"ಎರಡನೇ ಡಿಸ್ಕಿದೆಯಲ್ಲಪ್ಪ. ಅದರಲ್ಲೊಂದು ಕಾಪಿ ಇರಬೇಕಲ್ಲ."

"ಅದು ಕನ್ನಡಿ ಅಂಕಲ್. ನೀವು ಕನ್ನಡಿ ಮುಂದೆ ನಿಂತು ಮೀಸೆ ಬೋಳಿಸ್ಕೊಂಡ್ರೆ, ಒಳಗಿರೋ ಕಿಟ್ಟಿ ಅಂಕಲ್ ಮೀಸೆ ಇಟ್ಕೊಂಡಿರ್ತಾರಾ?"

ಪಂಕಜಾ ಪಕ್ಕನೆ ನಕ್ಕಳು. ಗಂಡನ ಮುಖ ನೋಡಿ ನಗು ನುಂಗಿಕೊಂಡು ಒಳಗೆ ಹೋದಳು.

"ಅಳಿಸಿದ ಮೇಲೆ ಏನೂ ಹಾಕಿಲ್ಲ ತಾನೆ? ಹಾಕಿಲ್ಲ ಅಂದ್ರೆ ಎಷ್ಟೋ ವಾಪಸ್ ತೆಗೀಬಹುದು."

ಕಿಟ್ಟಿ ಟೀವಿಯ ಕಡೆ ನೋಡಿದ. ಪಿಳ್ಳಣ್ಣನ ಸಿನಿಮಾಗಳು ಸಾಲು ಸಾಲಾಗಿ, ಮೀಸೆ ತಿರುವಿ, ಕತ್ತಿ ಹಿಡಿದು ನಿಂತಿದ್ದವು. ಮಯೂರನೂ ನೋಡಿದ. "ಓ" ಎಂದ, ಅಷ್ಟೇ.

ಆದರೂ ಒಂದು ಡಿಸ್ಕನ್ನು ಕಳಚಿ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಹುಡುಕಲು ಬಿಟ್ಟ. ಮುಗಿಯುವವರೆಗೆ ಕಿಟ್ಟಿ ಮೆಟ್ಟಿಲು ಹತ್ತಿ ಇಳಿದ. ಹತ್ತಿದಾಗಲೆಲ್ಲ, "ಇನ್ನೂ ಆಗ್ತಿದೆ ಅಂಕಲ್." ಇಳಿದಾಗಲೆಲ್ಲ ಪಂಕಜಾ ಏನೂ ಕೇಳಲಿಲ್ಲ. ಅವಳು ಕೇಳಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

ಶನಿವಾರ ಮಯೂರ್ ಕರೆದ. ಚೂರುಪಾರು ಸಿಕ್ಕಿತ್ತು. ಧ್ವನಿಯಿಲ್ಲದ ಬಾವುಟಗಳು, ಹಸಿರು ಚೌಕಗಳಾಗಿ ಒಡೆದ ಮುಖಗಳು, ಯಾರದೋ ಕಾಲು. ನೋಡುವಂತೆ ಉಳಿದದ್ದು ಒಂದೇ ತುಂಡು, ಅದೃಷ್ಟಕ್ಕೋ ದುರದೃಷ್ಟಕ್ಕೋ ಅದು ದಾನಮ್ಮನದು. ಮಯೂರ್ ಹಚ್ಚಿದ.

ಗೇಟಿನ ಮುಂದೆ ನೀಲಿ ಕೋಟು ತೊಟ್ಟ ದಾನಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಪ್ಲಾಸ್ಟಿಕ್ ಲೋಟದ ಚಹಾ ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾಳೆ. ಪಕ್ಕದ ಯಲ್ಲವ್ವನಿಗೆ ಏನೋ ಹೇಳಿ ನಗುತ್ತಾಳೆ. ಗಂಟಲು ಸರಿಮಾಡಿಕೊಂಡು ಕ್ಯಾಮೆರಾ ಕಡೆ ತಿರುಗುತ್ತಾಳೆ. "ಕಿಟ್ಟಿ ಸಾರ, ಹಚ್ಚೀರೇನ್ರಿ? ಹಾಡ್ಲ್ಯಾ?"

ಆಮೇಲೆ ಕ್ಯಾಮೆರಾದ ಹಿಂದಿನಿಂದ ಕಿಟ್ಟಿಯ ಧ್ವನಿ. "ತಡೀರಿ ತಡೀರಿ. ಯಾರ್ರೀ ಅದು ಹಿಂದೆ ಮೊಬೈಲ್ ಹಿಡಿದಿರೋದು? ಇಳಿಸ್ರೀ. ಎಲ್ರೂ ಮೊಬೈಲ್ ಇಳಿಸಿ. ಶಾಟ್ ಕೆಡತ್ತೆ. ನಾನ್ ತೆಗೀತಿಲ್ವಾ? ರೆಕಾರ್ಡಿಂಗ್ ನನ್ ಕೆಲಸ, ಅದು ನನ್ನತ್ರ ಇರತ್ತೆ." ಹಿಂದಿನ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಮೊಬೈಲು ಕೆಳಗಿಳಿಸುವುದು ಸ್ಪಷ್ಟವಾಗಿ ಕಾಣುತ್ತದೆ. ಒಬ್ಬಳು ನಾಲಗೆ ಕಚ್ಚಿಕೊಂಡು ರವಿಕೆಯೊಳಗೆ ಸೇರಿಸುತ್ತಾಳೆ. "ಹಾಂ, ಈಗ ಹಾಡಿ ದಾನಮ್ಮ." ದಾನಮ್ಮ ಉಸಿರೆಳೆದು ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಚಿತ್ರ ಕಲ್ಲಾಗಿ, ಹಸಿರಾಗಿ, ನಿಂತುಹೋಗುತ್ತದೆ.

ಮಯೂರ್ ಲ್ಯಾಪ್‌ಟಾಪಿನ ಮೇಲಿದ್ದ ಧೂಳನ್ನು ಬೆರಳಲ್ಲಿ ಒರೆಸಿದ. "ಅಂಕಲ್... ಆ ಲಾಸ್ಟ್ ಬಿಟ್ ಕಟ್ ಮಾಡಿಬಿಡ್ಲಾ? ಅವರು ಹಾಡ್ಲಾ ಅಂತ ಕೇಳೋವರೆಗೂ ಇಟ್ಕೊಳ್ಳೋಣ. ನೀಟಾಗಿರತ್ತೆ."

ಕಿಟ್ಟಿ ಆಗಲಿ ಎಂದು ತಲೆಯಾಡಿಸಿದ.

"ಇನ್ನು ಹೋಗಿ ಡಿಸ್ಕ್ ಕ್ರ್ಯಾಶ್ ಆಯ್ತು ಅನ್ನಿ. ಎಲ್ರೂ ಹಾಗೇ ಹೇಳೋದು. ಡಿಸ್ಕ್ ಏನ್ ಬಂದು ಜಗಳ ಆಡತ್ತಾ?"

ಕತ್ತರಿಸಿದ್ದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಕಿಟ್ಟಿ ಎರಡು ಮೆಟ್ಟಿಲು ಇಳಿದ. ಮತ್ತೆ ಹತ್ತಿದ. "ಪೂರ್ತಿ ಇರೋದೂ ಹಾಕಪ್ಪ" ಎಂದ. ಯಾಕೆ ಎಂದು ಮಯೂರ್ ಕೇಳಲಿಲ್ಲ. ಕೇಳಿದ್ದರೆ ಕಿಟ್ಟಿಗೂ ಗೊತ್ತಿರಲಿಲ್ಲ. ಸತ್ಯ ಹೇಳುವ ಧೈರ್ಯ ಬಂದು ಹಾಕಿಸಿಕೊಂಡದ್ದಲ್ಲ ಅದು. ಯಾವುದನ್ನು ತೋರಿಸುವುದು ಎಂದು ಆ ಹೊತ್ತಿಗೆ ನೋಡಿಕೊಂಡರಾಯಿತು ಎನ್ನುವವನ ಲೆಕ್ಕ.

ಭಾನುವಾರ ಬೆಳಗ್ಗೆ ಅಂಗಿ ಗುಂಡಿ ಹಾಕಿಕೊಳ್ಳುತ್ತ, "ನೀನೂ ಬಾರೇ" ಎಂದು ಪಂಕಜಾಳನ್ನು ಕರೆದ.

"ನಾನ್ ಬರಲ್ಲ ರೀ. ನಾನ್ ಬಂದ್ರೆ ನನ್ ಮುಖ ನೋಡ್ಕೊಂಡು ಅವರು ಬೈಯೋದ್ ಬಿಡ್ತಾರೆ. ನೀವೊಬ್ರೇ ಹೋಗಿ ಪೂರ್ತಿ ಬೈಸ್ಕೊಂಡ್ ಬನ್ನಿ."

ಬನಶಂಕರಿಯಿಂದ ಬಸ್ಸು ಹಿಡಿದ. ಡಿಸ್ಕು ಕೆಟ್ಟುಹೋಯ್ತು ಯಲ್ಲವ್ವ, ಡಿಸ್ಕು ಕೆಟ್ಟುಹೋಯ್ತು. ಬಸ್ಸಿನುದ್ದಕ್ಕೂ ಅದನ್ನೇ ಬಾಯೊಳಗೆ ಉರುಹಾಕಿದ. ಜಯದೇವ ಆಸ್ಪತ್ರೆ ದಾಟುವ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಮನುಷ್ಯನ ಬಾಯಿ ಇಷ್ಟು ಬೇಗ ಪಳಗುತ್ತದೆ.

ಯಲ್ಲವ್ವನ ಮನೆ ಬಿಟಿಎಮ್ಮಿನ ಒಳಗಲ್ಲಿಯೊಂದರಲ್ಲಿ, ಒಂದರ ಮೇಲೊಂದು ಪೇರಿಸಿದ ಸಣ್ಣ ಮನೆಗಳ ಕಟ್ಟಡದ ಮೂರನೇ ಮಹಡಿ. ಮೆಟ್ಟಿಲ ತುಂಬ ಚಪ್ಪಲಿ. ಒಳಗೆ ಗೇಟಿನ ಮುಂದೆ ಕೂತಿದ್ದ ಹೆಂಗಸರೇ ಹೆಚ್ಚು. ಗೋಡೆಗೆ ಒರಗಿಸಿದ ದಾನಮ್ಮನ ಫೋಟೋ, ಅದರ ಮುಂದೆ ಬಾಳೆ ಎಲೆಯಲ್ಲಿ ಎಡೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಸಜ್ಜಕ, ಹೋಳಿಗೆ. ಪಕ್ಕದಲ್ಲಿ ಪ್ಲಾಸ್ಟಿಕ್ ಲೋಟದಲ್ಲೇ ಚಹಾ, ಯಾಕೆಂದರೆ ಅವಳು ಕುಡಿಯುತ್ತಿದ್ದದ್ದು ಅದರಲ್ಲಿ. ಎಲೆ, ಅಡಿಕೆ, ತಂಬಾಕಿನ ಪೊಟ್ಟಣ. ಅದರ ನೇರ ಎದುರಿಗೆ, ಫೋಟೋಕ್ಕೆ ಕಾಣುವ ಹಾಗೆ, ಟೀವಿಯನ್ನು ಸ್ಟೂಲಿನ ಮೇಲೆ ತಿರುಗಿಸಿ ಇಟ್ಟಿದ್ದರು.

"ಬರ್ರೀ ಬರ್ರೀ ಸಾರ್" ಎಂದು ಯಲ್ಲವ್ವ ಎದ್ದಳು. "ನಿಮ್ಮ ಸಲುವಾಗಿ ಕಾಯಾಕತ್ತೀವಿ. ಸರ್ವರ್ ಎದ್ದತೇನ್ರಿ?" ಎಲ್ಲರೂ ನಕ್ಕರು. ಕುರ್ಚಿ ಒಂದೇ ಇತ್ತು, ಅದನ್ನು ಅವನಿಗೆ ಕೊಟ್ಟರು. ಮಿಕ್ಕವರೆಲ್ಲ ನೆಲದ ಮೇಲೆ.

ದಾನಮ್ಮನ ಮಗಳು ಮಧುಮತಿ ಕೈ ಚಾಚಿದಳು. ಆಫೀಸೊಂದರಲ್ಲಿ ಬಿಲ್ಲು ಬರೆಯುವ ಕೆಲಸ ಅವಳದು. ಕಿಟ್ಟಿ ಪೆನ್‌ಡ್ರೈವು ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಟೀವಿಗೆ ಸಿಕ್ಕಿಸಿದಳು.

ಟೀವಿಯಲ್ಲಿ ಎರಡು ಹೆಸರು ಮೂಡಿದವು. ಮೊದಲನೆಯದನ್ನು ಒತ್ತಿದಳು. ದಾನಮ್ಮ ಚಹಾ ಕುಡಿದಳು, ಬಾಯಿ ಒರೆಸಿಕೊಂಡಳು, ನಕ್ಕಳು. ಕೋಣೆಯಲ್ಲಿ ಒಬ್ಬಳು "ಯವ್ವಾ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. "ಹಾಡ್ಲ್ಯಾ?" ಎಂದಳು ದಾನಮ್ಮ. ಚಿತ್ರ ನಿಂತಿತು.

ಎಲ್ಲರೂ ಕಾದರು.

"ಡಿಸ್ಕು..." ಎಂದ ಕಿಟ್ಟಿ.

"ತಡೀರಿ ಸರ್, ಇನ್ನೊಂದೈತಿ" ಎಂದು ಮಧುಮತಿ ಎರಡನೆಯದನ್ನು ಒತ್ತಿದಳು. ಇದರಲ್ಲಿ ಹಾಡಿದೆ ಎಂದು ಅವಳ ಮುಖ ಅರಳಿತ್ತು. ಬೇಡ ಎನ್ನಲು ಕಿಟ್ಟಿ ಕುರ್ಚಿಯಿಂದ ಅರ್ಧ ಎದ್ದ. ಮತ್ತೆ ಕೂತ. ಅದೇ ಚಹಾ, ಅದೇ ಸೆರಗು, ಅದೇ ನಗು, ಹಾಡ್ಲ್ಯಾ. ಆಮೇಲೆ ಅವನದೇ ಧ್ವನಿ ಆ ಸಣ್ಣ ಕೋಣೆಯ ನಾಲ್ಕೂ ಗೋಡೆಗೆ ಬಡಿಯಿತು. ಎಲ್ರೂ ಮೊಬೈಲ್ ಇಳಿಸಿ. ನಾನ್ ತೆಗೀತಿಲ್ವಾ. ಅದು ನನ್ನತ್ರ ಇರತ್ತೆ. ಟೀವಿಯಲ್ಲಿ ಮೊಬೈಲು ಇಳಿಸಿದ ಹೆಂಗಸರು ಟೀವಿಯ ಮುಂದೆ ಕೂತು ತಾವು ಇಳಿಸಿದ್ದನ್ನು ನೋಡಿದರು. ದಾನಮ್ಮ ಬಾಯಿ ತೆರೆದಳು. ಹಸಿರಾಯಿತು.

"ಹಾಡು ಎಲ್ಲೈತ್ರಿ?" ಎಂದಳು ಯಲ್ಲವ್ವ.

ಬಸ್ಸಿನಲ್ಲಿ ಉರುಹಾಕಿದ ಮಾತು ಬಾಯಲ್ಲೇ ಇತ್ತು. ನಾಲಗೆ ಮರದ ತುಂಡಾಯಿತು. ಕೊನೆಗೆ ಬಂದದ್ದು ಬೇರೆ. "ನಾನೇ ಅಳಿಸಿಬಿಟ್ಟೆ. ಸಿನಿಮಾ ಹಾಕೋಕೆ ಜಾಗ ಇರ್ಲಿಲ್ಲ. ಎರಡಿದೆ ಅನ್ಕೊಂಡು ಒಂದು ಅಳಿಸ್ದೆ. ಇದ್ದದ್ದು ಒಂದೇ."

"ಸಿನಿಮಾ" ಎಂದು ಮಧುಮತಿ ಮೆಲ್ಲಗೆ ಹೇಳಿದಳು, ಆ ಪದವನ್ನು ಮೊದಲ ಸಲ ಕೇಳಿದವಳ ಹಾಗೆ.

"ಮತ್ತ ಈ ಎರಡನೇದು?" ಯಲ್ಲವ್ವ ಟೀವಿಯ ಕಡೆ ಕೈ ಮಾಡಿದಳು. "ಒಂದರಾಗ ನಿಮ್ಮ ಮಾತಿಲ್ಲ, ಇನ್ನೊಂದರಾಗ ಐತಿ?"

"ನನ್ನ ಮಾತು ಕಟ್ ಮಾಡಿಸಿದ್ದೆ."

ಗೋಡೆ ಪಕ್ಕದ ಮುದುಕಿಯೊಬ್ಬಳು ತುಟಿ ಸೊಟ್ಟ ಮಾಡಿದಳು. "ಚಲೋ ಆತು. ಹಾಡನ್ನ ಪೂರಾ ಕಟ್ ಮಾಡಿದ್ರಿ, ಮ್ಯಾಲ ನಿಮ್ಮ ಮಾತನ್ನೂ ಕಟ್ ಮಾಡಿದ್ರಿ. ಉಳದದ್ದು ಚಾ ಕುಡಿಯೂದು."

ಯಾರೂ ನಗಲಿಲ್ಲ.

"ಪೂರಾ ಹೋತೇನ್ರಿ?" ಯಲ್ಲವ್ವ ಕೇಳಿದಳು.

"ಪೂರಾ."

"ಉಳಿದವ್ರದು? ಆ ಕುಮಾರಸ್ವಾಮಿ ಲೇಔಟಿನ ಮನಿ ಕೆಡವಿದಾಗ ತಗದದ್ದು?"

"ಎಲ್ಲಾ ಹೋಯ್ತು."

ಯಲ್ಲವ್ವ ಎಡೆಯ ಮುಂದೆ ಕೂತಳು. ಬೈಯುತ್ತಾಳೆಂದು ಕಿಟ್ಟಿ ಕಾದ. ಬೈದರೆ ಕುರ್ಚಿಯ ಮೇಲೆ ಕೂತಿರುವುದು ಸುಲಭವಾಗುತ್ತಿತ್ತು. ಅವಳು ಬೈಯಲಿಲ್ಲ. "ನಮ್ಮಕ್ಕ ಕೇಳಿದ್ಲು ನಿಮ್ಮನ್ನ" ಎಂದಳು. "ನನ್ನ ಮುಂದನ ಕೇಳಿದ್ಲು. ನಂದೊಂದು ಹಾಡು ನನ್ನ ಫೋನಿಗೆ ಹಾಕಿಕೊಡ್ರಿ ಸಾರ, ಮಗಳಿಗೆ ಕೇಳಸ್ತೇನಿ ಅಂದ್ಲು. ನೀವು ಏನಂದ್ರಿ, ನೆನಪೈತೇನ್ರಿ?"

ನೆನಪಿತ್ತು. "ಎಡಿಟ್ ಮಾಡಿ, ಟೈಟಲ್ ಹಾಕಿ ಕೊಡ್ತೀನಿ ಅಂದೆ."

"ಹೌದ್ರಿ. ಹಂಗ ಕೊಟ್ರ ಚೆಂದ ಕಾಣೂದಿಲ್ಲ ಅಂದ್ರಿ. ಮತ್ತೊಮ್ಮೆ ಕೇಳಾಕ ಆಕಿ ನಾಚಿಕಿ ಪಟ್ಕೊಂಡ್ಲು. ದೊಡ್ಡೋರು, ಕೆಲಸ ಭಾಳ ಇರ್ತಾವು ಅಂದ್ಲು. ಆಕಿ ಹಾಡಿಗೆ ಟೈಟಲ್ ಯಾಕ ಬೇಕಾಗಿತ್ರಿ ಸಾರ್?"

ಟೈಟಲ್ಲು ಬೇಕಾಗಿದ್ದದ್ದು ಕಿಟ್ಟಿಗೆ. ಕೊನೆಯಲ್ಲಿ ಅವನ ಹೆಸರು ಬರಬೇಕಿತ್ತು. ಅದನ್ನು ಅವನು ಅವತ್ತೂ ಹೇಳಿರಲಿಲ್ಲ, ಇವತ್ತೂ ಹೇಳಲಾಗಲಿಲ್ಲ. ಬೀಗ ಹಾಕುವ ಗುತ್ತಿಗೆದಾರನ ವಿರುದ್ಧ ಕೂತ ಹೆಂಗಸರ ಹಾಡಿಗೆ ತಾನೊಂದು ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡಿದ್ದೆ ಎಂಬುದು ಆ ಕುರ್ಚಿಯ ಮೇಲೆ ಕೂತಾಗ ತಿಳಿಯಿತು. ಮೆಲ್ಲಗೆ ಇಳಿದು ನೆಲದ ಮೇಲೆ ಕೂತ. ಯಾರೂ ಬೇಡ ಎನ್ನಲಿಲ್ಲ, ಯಾರೂ ಗಮನಿಸಲೂ ಇಲ್ಲ.

"ಎಡಿ ಆರಾಕತ್ತೈತಿ" ಎಂದಳು ಮುದುಕಿ. "ಎಷ್ಟ ಬರ್ತೈತೋ ಅಷ್ಟ ನಾವ ಹಾಡೂಣ ನಡೀರಿ. ಆಕಿ ಏನ್ ತಪ್ಪು ಹಿಡೀತಾಳೇನು?"

ಒಬ್ಬಳು ಧಾಟಿ ಎತ್ತಿದಳು. ಉಳಿದವರು ಸೇರಿದರು.

"ಕಸಬರಗಿ ನಮ ಕೈಯಾಗ, ಕಾರಿನ ಕೀಲಿ ನಿಮ ಕೈಯಾಗ
ಬೆಳಕಾಗೂದು ಯಾರ ಕೈಯಾಗ, ಸೂಪರವೈಜರ
ಬೆಳಕಾಗೂದು ಯಾರ ಕೈಯಾಗ"

ಇನ್ನೆರಡು ನುಡಿ ಹಾಗೂ ಹೀಗೂ ಬಂದವು. ನಾಲ್ಕನೆಯದಕ್ಕೆ ಜಗಳ ಶುರುವಾಯಿತು. ನೀರಿನ ಕ್ಯಾನಿನ ನುಡಿ ಮೊದಲು ಎಂದು ಒಬ್ಬಳು, ಬಿಸ್ಕತ್ತಿನದು ಮೊದಲು ಎಂದು ಇನ್ನೊಬ್ಬಳು. "ಕ್ಯಾನು ಒದ್ದದ್ದು ಸೋಮವಾರ, ನನ್ನ ಕಾಲಿನ ಮ್ಯಾಲನ ಬಿದ್ದಿತ್ತು, ನನಗ ಗೊತ್ತಿಲ್ಲೇನು?" ಎಂದು ಮೂರನೆಯವಳು. ಕ್ಯಾನು ನೆನಪಿತ್ತು, ಕಾಲು ನೆನಪಿತ್ತು, ನುಡಿ ನೆನಪಿರಲಿಲ್ಲ.

ಯಲ್ಲವ್ವ ತಿರುಗಿ ನೋಡಿದಳು. "ನಿಮಗ ಬರ್ತೈತೇನ್ರಿ ಸಾರ್? ದಿನಾ ಮುಂಜಾನಿ ಮುಂದ ನಿಂತು ಕೇಳಿದ್ರಲ್ಲ."

ಅದು ಚುಚ್ಚುವ ಮಾತಾಗಿರಲಿಲ್ಲ. ನಿಜವಾಗಿ ಕೇಳಿದ್ದಳು. ಜಗಳವಾಡುತ್ತಿದ್ದವರೂ ನಿಲ್ಲಿಸಿ ಅವನ ಕಡೆ ತಿರುಗಿದರು. ಕಿ‌ಟ್ಟಿ ಕಣ್ಣು ಮುಚ್ಚಿದ. ಗೇಟು ನೆನಪಾಯಿತು. ದಾನಮ್ಮನ ಬೆನ್ನ ಹಿಂದಿನಿಂದ ಬಿಸಿಲು ಬಿದ್ದು ಮುಖ ಕಪ್ಪಾಗುತ್ತಿತ್ತು, ಅದಕ್ಕೆ ಅವಳನ್ನು ಎಡಕ್ಕೆ ಸರಿಸಿ ಕೂರಿಸಿದ್ದು ನೆನಪಾಯಿತು. ಕಿವಿಗೆ ಸಿಕ್ಕಿಸಿಕೊಂಡ ಹೆಡ್‌ಫೋನು, ಅದರಲ್ಲಿ ಗಾಳಿಯ ಸದ್ದು ಕಡಿಮೆ ಮಾಡಿದ್ದು, ಬ್ಯಾಟರಿ ಬದಲಿಸಿದ್ದು, ಎಲ್ಲ ನೆನಪಾಯಿತು. ಒಂದು ಸಾಲು ಬರಲಿಲ್ಲ. ಅಷ್ಟು ದಿನ ಕೇಳಿಸಿಕೊಂಡ ಕಿವಿಯಲ್ಲಿ ಒಂದು ಪದ ಉಳಿದಿರಲಿಲ್ಲ. ಡಬ್ಬಿ ಇದೆಯಲ್ಲ ಎಂದು ತಲೆಗೆ ಕೆಲಸವನ್ನೇ ಕೊಟ್ಟಿರಲಿಲ್ಲ.

"ಇಲ್ಲ ಯಲ್ಲವ್ವ. ನನಗೊಂದು ಸಾಲೂ ಬರಲ್ಲ."

"ಹೋಗ್ಲಿ ಬಿಡ್ರಿ" ಎಂದಳು. ಆ ಮಾತಿನಲ್ಲಿ ಕ್ಷಮೆ ಇರಲಿಲ್ಲ. ಕೆಲಸಕ್ಕೆ ಬಾರದ ಪಾತ್ರೆಯನ್ನು ಪಕ್ಕಕ್ಕೆ ಸರಿಸುವಾಗ ಹೇಳುವ ಮಾತು.

ಅವರು ಮತ್ತೆ ಮೊದಲಿನಿಂದ ಎತ್ತಿದರು. ಕಿಟ್ಟಿಯ ಕೈ ಅಭ್ಯಾಸದಿಂದ ಜೇಬಿಗೆ ಹೋಯಿತು, ಮೊಬೈಲು ಹೊರಬಂತು. ಮಧುಮತಿ ನೋಡಿದಳು. "ನೀವು ಬ್ಯಾಡ್ರಿ ಸರ್" ಎಂದಳು, ಗಟ್ಟಿಯಾಗಿ ಅಲ್ಲ. ತನ್ನ ಫೋನನ್ನು ತೆಗೆದು ಟೀವಿಯ ಸ್ಟೂಲಿಗೆ ಒರಗಿಸಿ ಇಟ್ಟಳು. ಉಳಿದವರೂ ತಂತಮ್ಮ ಫೋನು ತೆಗೆದರು. ಅಡ್ಡಡ್ಡ, ಉದ್ದುದ್ದ, ಒಬ್ಬಳದು ತಲೆಕೆಳಗಾಗಿ. ಕಿಟ್ಟಿ ತನ್ನದನ್ನು ಒಳಗಿಟ್ಟ.

ಹಾಡು ಮೂರು ನುಡಿಗೇ ನಿಂತಿತು. ಆಮೇಲೆ ಎಲೆ ಹಾಕಿದರು. ಕಿಟ್ಟಿ ಎದ್ದು, "ನಾನು ಬರ್ತೀನಿ ಯಲ್ಲವ್ವ" ಎಂದು ಬಾಗಿಲ ಕಡೆ ತಿರುಗಿದ.

"ಕೂಡ್ರಿ. ಎಡಿ ಉಣ್ಣದ ಹೋಗಬಾರದು."

"ಊಟ ಮಾಡೋ ಮುಖ ಇಲ್ಲ ನಂಗೆ."

"ಮುಖ ನಿಮ್ಮದ್ರಿ, ಎಡಿ ನಮ್ಮಕ್ಕಂದು. ಕೂಡ್ರಿ." ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು, ಎಲ್ಲರಿಗೂ ಹಾಕಿದಷ್ಟೇ. ಹೋಳಿಗೆಯ ಮೇಲೆ ತುಪ್ಪ ಬಿಡುತ್ತ, ಬಗ್ಗಿದ್ದಾಗಲೇ ಹೇಳಿದಳು. "ಉಳಿದವ್ರಿಗೂ ನೀವ ಹೋಗಿ ಹೇಳ್ರಿ. ಒಬ್ಬೊಬ್ಬರ ಮನಿಗೂ. ಫೋನ್ಯಾಗ ಬ್ಯಾಡ. ಸರ್ವರ್ ಅನ್ನಬ್ಯಾಡ್ರಿ, ಡಿಸ್ಕ್ ಅನ್ನಬ್ಯಾಡ್ರಿ. ನಮಗ ಹೇಳಿದಂಗ ಹೇಳ್ರಿ."

"ಹೇಳ್ತೀನಿ."

ಎಷ್ಟು ಮನೆ ಎಂದು ಯೋಚಿಸಿದ. ಮುಖಗಳು ಒಂದೊಂದಾಗಿ ಬಂದವು, ಹಲವರ ಹೆಸರು ಗೊತ್ತಿರಲಿಲ್ಲ. ಅವರ ಹೆಸರನ್ನು ಯಾರನ್ನೋ ಕೇಳಿ ತಿಳಿದುಕೊಂಡೇ ಹೋಗಬೇಕು. ರೊಟ್ಟಿ ಮುರಿದ. ನೀರು ಕುಡಿದು ನುಂಗಿ ಮತ್ತೆ ಮುರಿದ. ಎದುರು ಸಾಲಿನಲ್ಲಿ ಹೆಂಗಸರು ಊಟ ಮಾಡುತ್ತಲೇ ನಾಲ್ಕನೇ ನುಡಿಗೆ ಮತ್ತೆ ಜಗಳ ತೆಗೆದಿದ್ದರು. ಬಿಸ್ಕತ್ತು ಕೊಟ್ಟ ಪೊಲೀಸಿನವನ ಊರು ಯಾವುದು ಎಂಬಲ್ಲಿಗೆ ಬಂದಿತ್ತು. ಮಧುಮತಿ ಎಂಜಲು ಕೈಯನ್ನು ಎಲೆಯ ಮೇಲೆ ಎತ್ತಿಹಿಡಿದು, ಎಡಗೈಯಲ್ಲಿ ರೆಕಾರ್ಡಿಂಗ್ ಹಚ್ಚಿದ ಫೋನು ಹಿಡಿದು, ಅವರ ಬಾಯಿಯನ್ನೇ ನೋಡುತ್ತಿದ್ದಳು.